ಒಂದೇ ಹೊಲ, ಮೂರು ಮಣ್ಣು!

ತುಮಕೂರು ಜಿಲ್ಲೆಯ ನಮ್ಮೂರಿನಲ್ಲಿ ನಮಗಿರುವುದು ಎರಡೂವರೆ ಎಕರೆ ಕೆಂಪು ಮಣ್ಣಿನ ಹೊಲ. ರಾಗಿ ಬಿತ್ತನೆ ಬಂತೆಂದರೆ ಅಪ್ಪ ಈ ಬದುವಿನಿಂದ ಆ ಬದುವಿನವರೆಗೆ ಒಂದೇ ಸಮ ಡಿಎಪಿ ಹಾಕುತ್ತಾರೆ. 50 ಕೆ.ಜಿ. ಚೀಲಕ್ಕೆ 1,350 ರೂಪಾಯಿ. ಸಿವಿಲ್ ಎಂಜಿನಿಯರಿಂಗ್ ಓದುವ ನಾವು ಕಟ್ಟಡ ಕಟ್ಟುವ ಮುನ್ನ ಒಂದೇ ನಿವೇಶನದ ಹಲವು ಕಡೆ ಮಣ್ಣು ಪರೀಕ್ಷಿಸಬೇಕೆಂದು ಕಲಿಯುತ್ತೇವೆ. ಹಾಗಾದರೆ ಹೊಲಕ್ಕೇಕೆ ಒಂದೇ ಲೆಕ್ಕ?

ಡಿಎಪಿಯಿಂದ ಬರುವ ಫಾಸ್ಫೇಟನ್ನು ಕೆಂಪು ಮಣ್ಣಿನ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡ್‌ಗಳು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಗಿಡಕ್ಕೆ ಸಿಗುವುದು ಸ್ವಲ್ಪವೇ. ಇದನ್ನು ಬಸ್ಸಿನ ಸೀಟುಗಳಿಗೆ ಹೋಲಿಸಬಹುದು. ಸೀಟು ಖಾಲಿ ಇರುವಷ್ಟು ಕಾಲ ಹತ್ತಿದವರೆಲ್ಲ ಕೂರುತ್ತಾರೆ. ತುಂಬುತ್ತಾ ಬಂದಂತೆ ನಿಂತವರು ಮುಂದಿನ ಸ್ಟಾಪಿನಲ್ಲೇ ಇಳಿಯುತ್ತಾರೆ. ಮಣ್ಣಿನ ಸೀಟುಗಳು ತುಂಬಿದಾಗ ಹೆಚ್ಚುವರಿ ಫಾಸ್ಫೇಟ್ ಮಳೆನೀರಿನ ಜೊತೆ ಕೆರೆಗೆ ಇಳಿಯುತ್ತದೆ. ಅಲ್ಲಿ ಪಾಚಿ ಬೆಳೆದು, ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಕಡಿಮೆಯಾಗಿ ಮೀನು ಸಾಯುತ್ತವೆ.

ಹಂದಿ, ಕೋಳಿ ಗೊಬ್ಬರವನ್ನು ಮರಳು ಮಣ್ಣಿಗೆ ಸುರಿದು ಈ ಪಾಠ ಕಲಿತ ದೇಶ ನೆದರ್ಲೆಂಡ್ಸ್. ಹಿಡಿದಿಡುವ ಸಾಮರ್ಥ್ಯದ ಶೇ 25ರಷ್ಟು ತುಂಬಿದರೆ ಸಾಕು, ಅಲ್ಲಿ ಆ ಮಣ್ಣನ್ನು ಫಾಸ್ಫೇಟ್‌ನಿಂದ ಸಂತೃಪ್ತ ಎಂದೇ ಪರಿಗಣಿಸುತ್ತಾರೆ.

ನಮ್ಮಲ್ಲಿ 2015ರಲ್ಲಿ ಮಣ್ಣು ಆರೋಗ್ಯ ಕಾರ್ಡ್ ಬಂತು. ಯೋಜನೆಯ ಪ್ರಕಾರ ನೀರಾವರಿಯಲ್ಲಿ 2.5 ಹೆಕ್ಟೇರಿಗೆ, ಖುಷ್ಕಿಯಲ್ಲಿ 10 ಹೆಕ್ಟೇರಿಗೆ ಒಂದು ಮಾದರಿ. ನಮ್ಮಂಥ ಹತ್ತು ಹೊಲಗಳಿಗೆ ಒಂದೇ ಅಂಕಿ! ಮಾದರಿ ತೆಗೆಯುವಾಗ ಮರದಡಿ, ಬದುವಿನ ಪಕ್ಕ, ತಿಪ್ಪೆ ಇದ್ದ ಜಾಗ ಬಿಡಬೇಕೆಂಬ ಸೂಚನೆಯೂ ಇದೆ. ಸರಾಸರಿ ಕೆಡದಿರಲು ಅದು ಸರಿಯೇ. ಆದರೆ ಬಿಟ್ಟ ಜಾಗಕ್ಕೂ ಗೊಬ್ಬರ ಬೀಳುತ್ತದಲ್ಲ?

ಈ ಬೇಸಿಗೆ ರಜೆಯಲ್ಲಿ ಹೊಲವನ್ನು ಮೂರು ಭಾಗ ಮಾಡಿಕೊಂಡೆ: ಮೇಲಿನ ದಿಣ್ಣೆ, ನಡುವಿನ ಭಾಗ, ಮನೆ ಕಡೆಯ ಮೂಲೆ. ಪ್ರತಿ ಭಾಗದಲ್ಲೂ ಹತ್ತಾರು ಕಡೆ 'ವಿ' ಆಕಾರದ ಗುಂಡಿ ತೋಡಿ, 15 ಸೆಂ.ಮೀ. ಆಳದವರೆಗಿನ ಮಣ್ಣು ತೆಗೆದು, ಬೆರೆಸಿ, ಅರ್ಧ ಕೆ.ಜಿ. ಉಳಿಸಿ ಬೇರೆ ಬೇರೆ ಚೀಟಿ ಅಂಟಿಸಿ ಪರೀಕ್ಷೆಗೆ ಕೊಟ್ಟೆ. ಗಿಡಕ್ಕೆ ಸಿಗುವ ರಂಜಕ ದಿಣ್ಣೆಯಲ್ಲಿ 'ಕಡಿಮೆ', ನಡುವೆ 'ಮಧ್ಯಮ', ಮೂಲೆಯಲ್ಲಿ 'ಹೆಚ್ಚು' ಎಂದು ಬಂತು. ಅಜ್ಜಿಗೆ ಹೇಳಿದರೆ ನಕ್ಕುಬಿಟ್ಟರು: 'ಅದಕ್ಯಾಕೆ ಪರೀಕ್ಷೆ? ನಿಮ್ಮ ತಾತನ ಕಾಲದಲ್ಲಿ ಅಲ್ಲೇ ಕಣೇ ತಿಪ್ಪೆ ಇದ್ದಿದ್ದು!'

ಈ ಪರೀಕ್ಷೆ ಸಂತೃಪ್ತಿಯನ್ನು ನೇರವಾಗಿ ಅಳೆಯುವುದಿಲ್ಲ. ಅದಕ್ಕೆ ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಪ್ರಮಾಣವೂ ಬೇಕು. ಆದರೂ ಸೀಟು ಎಲ್ಲಿ ತುಂಬುತ್ತಿದೆ ಎಂಬ ಸುಳಿವು ಸಿಕ್ಕಿತು. ಆ ಮೂಲೆಯ ಇಳಿಜಾರು ನೇರ ಊರ ಕೆರೆಯ ಕಡೆಗೇ ಇದೆ.

ಅಪ್ಪ ಸುಲಭಕ್ಕೆ ಒಪ್ಪಲಿಲ್ಲ. 'ಇಳುವರಿ ಬಿದ್ದರೆ ನಿನ್ನ ಕಾಲೇಜ್ ಫೀಸು ಯಾರು ಕಟ್ತಾರೆ?' ಎಂದರು. ಕೊನೆಗೆ ಒಂದು ಒಪ್ಪಂದವಾಯಿತು: ಮೂಲೆಯಲ್ಲಿ ನಾಲ್ಕು ಸಾಲಿಗೆ ಮಾತ್ರ ಎಂದಿನಂತೆ ಡಿಎಪಿ, ಉಳಿದ ಸಾಲುಗಳಿಗೆ ಬರೀ ಯೂರಿಯಾ. ಕೊಯ್ಲಿನಲ್ಲಿ ಎರಡನ್ನೂ ಬೇರೆ ಬೇರೆ ತೂಗುವುದು.

ಹಳ್ಳಿಯಿಂದ ಬಂದ ಗೆಳೆಯರೇ, ಮುಂದಿನ ರಜೆಯಲ್ಲಿ ನೀವೂ ನಿಮ್ಮ ಹೊಲದ ನಕ್ಷೆ ಬರೆಯಿರಿ. ಹಳೇ ತಿಪ್ಪೆ, ಕೊಟ್ಟಿಗೆ ಎಲ್ಲಿತ್ತೆಂದು ಹಿರಿಯರನ್ನು ಕೇಳಿ ಗುರುತು ಹಾಕಿ. ಕೇಳಲು ಅವರಿರುವಾಗಲೇ ಈ ಕೆಲಸ ಆಗಬೇಕು.