ಹಲಸು ತಟ್ಟುವ ಕಿವಿಯಿಂದ ಹಾಯಿದೋಣಿ ಪರೀಕ್ಷೆ

ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡ ಮೊದಮೊದಲು ಹಸಿರಾಗಿಯೇ ನಿಂತಿರುತ್ತದೆ. ತೊಗಟೆಯ ಮೇಲೆ ಉಬ್ಬಿದ ಗೆರೆಯನ್ನು ಕಂಡವರಿಗಷ್ಟೇ ಒಳಗಿನ ಸುರಂಗ ತಿಳಿಯುತ್ತದೆ. ಹೇಮಾವತಿ ಹಿನ್ನೀರಿಗೆಂದು ಹಳೆಯ ಹಾಯಿದೋಣಿ ಕೊಳ್ಳಹೊರಟ ಸಕಲೇಶಪುರ, ಆಲೂರಿನವರಿಗೆ ತೋಟದ ಈ ಅನುಭವವೇ ಅರ್ಧ ಪರೀಕ್ಷೆ.

ಕರಾವಳಿಯಿಂದ ಬಂದ ಮರದ ದೋಣಿಯಾದರೆ ಹಡಗುಹುಳುವಿನ ಗುಮಾನಿ ಇರಲಿ. ಹೆಸರು ಹುಳುವಾದರೂ ಅದು ಕಪ್ಪೆಚಿಪ್ಪಿನ ಬಳಗದ ಜೀವಿ. ಗುಂಡುಸೂಜಿಯ ತಲೆಯಷ್ಟು ತೂತಿನಿಂದ ಹೊಕ್ಕು ಹಲಗೆಯನ್ನು ಒಳಗೊಳಗೇ ಟೊಳ್ಳು ಮಾಡುತ್ತದೆ. ಸಿಹಿನೀರಿನಲ್ಲಿ ಅದು ಬದುಕದು, ನಿಜ. ಆದರೆ ನಮ್ಮ ಮಲೆನಾಡಿನಲ್ಲಿ ಶಿಲೀಂಧ್ರ ಕಾದಿರುತ್ತದೆ. ಉಪ್ಪುನೀರು ಅದನ್ನು ತಡೆಯುತ್ತದೆ, ದೋಣಿಯೊಳಗೆ ನಿಂತ ಮಳೆನೀರು ಬೆಳೆಸುತ್ತದೆ. ಗೋಣಿಚೀಲ ಹೊಲಿಯುವ ದಬ್ಬಳದಿಂದ ತಳದ ಹಲಗೆ ಚುಚ್ಚಿ ನೋಡಿ: ಗಟ್ಟಿ ಮರ ತಡೆಯುತ್ತದೆ, ಕೊಳೆತದ್ದು ಬೆಣ್ಣೆಯಂತೆ ಒಳಬಿಡುತ್ತದೆ.

ಫೈಬರ್ ದೋಣಿಗೆ ಬೇರೆಯದೇ ಕಾಯಿಲೆ. ಹೊರಲೇಪನದ ಮೂಲಕ ನೀರು ನಿಧಾನವಾಗಿ ಒಳಗಿಳಿದು, ರಾಳದಲ್ಲಿ ಉಳಿದಿದ್ದ ರಾಸಾಯನಿಕಗಳನ್ನು ಕರಗಿಸುತ್ತದೆ. ಆ ಸಾಂದ್ರ ದ್ರಾವಣ ಮತ್ತಷ್ಟು ನೀರನ್ನು ಎಳೆದುಕೊಂಡು ಬೊಬ್ಬೆಯಾಗುತ್ತದೆ. ಒಡೆದರೆ ಹುಳಿ ವಾಸನೆ. ಉಪ್ಪಿಲ್ಲದ ನೀರಿನಲ್ಲಿ ಈ ಸೆಳೆತ ಇನ್ನೂ ಜೋರು. ಸಿಹಿನೀರು ದೋಣಿಗೆ ಸೌಮ್ಯ ಎಂದು ನಂಬಿದವರು ಇದನ್ನು ಮರೆಯಬಾರದು. ಕಾಫಿಬೀಜದ ತೇವ ಅಳೆಯುವಂತೆ ದೋಣಿಯ ಮೈಗೂ ತೇವಮಾಪಕವಿದೆ. ಆದರೂ ನಾನು ಮೊದಲು ನಂಬುವುದು ಕಿವಿಯನ್ನು. ಸಣ್ಣ ಸುತ್ತಿಗೆಯಿಂದ ಅಂಗುಲ ಅಂಗುಲವೂ ತಟ್ಟುತ್ತ ಹೋಗಬೇಕು. ಗಟ್ಟಿ ಜಾಗ ಟಣ್ ಎನ್ನುತ್ತದೆ, ಪದರ ಬಿಟ್ಟಲ್ಲಿ ಬೊದ್ದು ಸದ್ದು. ಹಲಸಿನ ಹಣ್ಣಿನಲ್ಲಿ ನಮಗೆ ಬೇಕಾದ ಸದ್ದೇ ಇಲ್ಲಿ ಬೇಡದ್ದು.

ಇನ್ನು ಕೀಲ್. ತಳದಿಂದ ನೀರಿಗಿಳಿದ ರೆಕ್ಕೆಯಂಥ ಭಾಗ ಅದು. ತೆಪ್ಪಕ್ಕೆ ಅದಿಲ್ಲ, ಅದಕ್ಕೇ ಗಿರಗಿರನೆ ತಿರುಗುತ್ತದೆ. ಗಾಳಿ ಹಾಯಿಯನ್ನು ಪಕ್ಕಕ್ಕೆ ತಳ್ಳಿದಾಗ ದೋಣಿ ಜಾರದಂತೆ ಕೀಲ್ ತಡೆಯುತ್ತದೆ. ಸಣ್ಣ ದೋಣಿಗಳಲ್ಲಿ ಅದರ ಕೆಲಸವನ್ನು ಎತ್ತಿ ಇಳಿಸುವ ಹಲಗೆಯೊಂದು ಮಾಡುತ್ತದೆ. ದೊಡ್ಡವುಗಳಲ್ಲಿ ಭಾರದ ಲೋಹವನ್ನು ಬೋಲ್ಟ್ ಹಾಕಿ ಬಿಗಿದಿರುತ್ತಾರೆ, ದೋಣಿ ಮಗುಚದಂತೆ ಹಿಡಿಯುವುದು ಆ ಭಾರ. 2014ರ ಮೇ ತಿಂಗಳಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ 'ಚೀಕಿ ರಫೀಕಿ' ಎಂಬ ಹಾಯಿದೋಣಿಯ ಕೀಲ್ ಕಳಚಿ, ಅದರಲ್ಲಿದ್ದ ನಾಲ್ವರೂ ಇಲ್ಲವಾದರು. ಹಿಂದೆ ಹಲವು ಸಲ ನೆಲಕ್ಕೆ ಬಡಿದದ್ದು, ಆಮೇಲಿನ ರಿಪೇರಿಗಳು ತಳದ ಜೋಡಣೆಯನ್ನು ಸಡಿಲಿಸಿರಬಹುದು ಎಂದಿತು ಬ್ರಿಟನ್ನಿನ ತನಿಖೆ.

ಕೀಲ್ ಬಂಡೆಗೆ ಬಡಿದಾಗ ಅದರ ಹಿಂತುದಿ ದೋಣಿಯ ತಳವನ್ನು ಮೇಲಕ್ಕೆ ಒತ್ತುತ್ತದೆ. ಆದ್ದರಿಂದ ಒಳಗೆ ಆ ಜಾಗದ ಬಿರುಕುಗಳನ್ನು ಟಾರ್ಚ್ ಹಾಕಿ ಹುಡುಕಬೇಕು. ಸ್ಟೇನ್‌ಲೆಸ್ ಬೋಲ್ಟ್ ಎಂದು ನಿಶ್ಚಿಂತರಾಗುವಂತಿಲ್ಲ. ಗಾಳಿ ಸೋಕದ ಒದ್ದೆ ಸಂದಿನಲ್ಲಿ ಅದೂ ಸವೆಯುತ್ತದೆ. ಕ್ರೇನಿನಲ್ಲಿ ದೋಣಿಯನ್ನು ಎತ್ತಿಸಿ, ಕೀಲ್ ತನ್ನ ಭಾರಕ್ಕೆ ಜೋತುಬಿದ್ದಾಗ ಜೋಡಣೆಯ ಗೆರೆಯನ್ನೇ ನೋಡಿ. ಅದು ಬಾಯಿಬಿಟ್ಟು ಕಂದು ನೀರು ತೊಟ್ಟಿಕ್ಕಿದರೆ, ಮುಂಗಡ ಕೊಡುವ ಮೊದಲು ಒಂದು ಬೋಲ್ಟನ್ನಾದರೂ ಬಿಚ್ಚಿ ತೋರಿಸಲು ಕೇಳಿ.