ಊರ ದೇವರು, ಊರ ಬನ: ಯುರೋಪಿನ ನೆನಪು ಮತ್ತು ಸೂಪಾ ಸೀಮೆಯ ಬದುಕು



ನಿಮ್ಮ ತರಗತಿಯ ಗೋಡೆಯ ಮೇಲಿನ ಇಂಗ್ಲಿಷ್ ಕ್ಯಾಲೆಂಡರನ್ನು ಒಮ್ಮೆ ಗಮನವಿಟ್ಟು ನೋಡಿ. ಅದರಲ್ಲಿ ಉತ್ತರ ಯುರೋಪಿನ ನಾಲ್ಕು ಹಳೆಯ ದೈವಗಳು ಅಡಗಿ ಕುಳಿತಿವೆ. ಟ್ಯೂಸ್‌ಡೇ ಎಂಬುದು ಯುದ್ಧದ ದೇವರಾದ ಟೀರ್‌ನ ದಿನ. ವೆನ್ಸ್‌ಡೇ ಎಂಬುದು ವೋಡನ್, ಅಂದರೆ ಓಡಿನ್ ಎಂಬ ಹಿರಿಯ ದೇವರ ದಿನ. ಥರ್ಸ್‌ಡೇ ಗುಡುಗಿನ ದೇವರಾದ ಥಾರ್‌ನದು. ಫ್ರೈಡೇ ಓಡಿನ್‌ನ ಮಡದಿ ಫ್ರಿಗ್‌ಳದು. ರೋಮನ್ನರು ವಾರದ ದಿನಗಳಿಗೆ ಗ್ರಹಗಳ ಹೆಸರಿಟ್ಟಿದ್ದರು. ಉತ್ತರದ ಜನ ಆ ಕ್ರಮವನ್ನು ಹಾಗೆಯೇ ಉಳಿಸಿಕೊಂಡು, ತಮ್ಮ ದೇವರ ಹೆಸರುಗಳನ್ನು ಅಲ್ಲಿ ಕೂರಿಸಿದರು. ನಮ್ಮ ಮಂಗಳ, ಬುಧ, ಗುರು, ಶುಕ್ರವಾರಗಳೂ ಅದೇ ಗ್ರಹಗಳ ಕ್ರಮದಲ್ಲಿವೆ. ಟೀರ್ ಎಂಬ ಹೆಸರೂ ಸಂಸ್ಕೃತದ ‘ದೇವ’ ಎಂಬ ಶಬ್ದವೂ ಒಂದೇ ಬೇರಿನಿಂದ ಹುಟ್ಟಿದವು ಎಂಬುದು ಭಾಷಾವಿಜ್ಞಾನಿಗಳ ಅಭಿಪ್ರಾಯ.

ರಸಾಯನಶಾಸ್ತ್ರದ ಪುಸ್ತಕದಲ್ಲಿಯೂ ಥಾರ್ ಇದ್ದಾನೆ. 1829ರಲ್ಲಿ ಸ್ವೀಡನ್ನಿನ ವಿಜ್ಞಾನಿ ಬರ್ಜೀಲಿಯಸ್ ತಾನು ಗುರುತಿಸಿದ ಹೊಸ ಮೂಲವಸ್ತುವಿಗೆ ಥಾರ್‌ನ ನೆನಪಿಗೆ ಥೋರಿಯಂ ಎಂದು ಹೆಸರಿಟ್ಟ. ಕಾಳಿ ನದಿಯ ದಂಡೆಯ ಕೈಗಾ ಅಣುವಿದ್ಯುತ್ ಕೇಂದ್ರದ ಮೊದಲ ಎರಡು ಘಟಕಗಳಲ್ಲಿ, ಆರಂಭದಲ್ಲಿ, ಯುರೇನಿಯಂ ಜೊತೆಗೆ ಥೋರಿಯಂ ಕಟ್ಟುಗಳನ್ನೂ ಇಡಲಾಗಿತ್ತು. ಹೀಗೆ ದೂರದ ನಾಡಿನ ಗುಡುಗಿನ ದೇವರ ಹೆಸರು ನಮ್ಮ ಹೊಳೆಯ ದಂಡೆಗೂ ಬಂದು ಮುಟ್ಟಿದೆ.

ಆದರೆ ಒಂದು ಪ್ರಶ್ನೆ. ಹೆಸರು ಉಳಿದರೆ ಪರಂಪರೆ ಉಳಿದಂತೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ಯುರೋಪಿಗೂ ಹೋಗಬೇಕು, ಸೂಪಾ ಸೀಮೆಯ ಕಾಡಿಗೂ ಬರಬೇಕು.

‘ಪೇಗನ್’ ಎಂದರೆ ಯಾರು?

ಕ್ರೈಸ್ತಮತ ಹರಡುವ ಮೊದಲು ಯುರೋಪಿನಲ್ಲಿದ್ದ ಆಚರಣೆಗಳನ್ನು ‘ಪೇಗನ್’ ಎನ್ನುತ್ತಾರೆ. ಇದರ ಮೂಲ ಲ್ಯಾಟಿನ್ ಭಾಷೆಯ ‘ಪಗಾನುಸ್’. ಅದರ ಮೊದಲ ಅರ್ಥ ಹಳ್ಳಿಯವನು ಎಂದಷ್ಟೆ. ಪಟ್ಟಣದ ಜನ ಹೊಸ ಮತಕ್ಕೆ ಸೇರಿದ ಮೇಲೆಯೂ ಹಳ್ಳಿಯವರು ತಮ್ಮ ಊರ ದೇವರನ್ನು ಬಿಡಲಿಲ್ಲ. ಹಾಗಾಗಿ ಆ ಶಬ್ದಕ್ಕೆ ಹಳೆಯ ದೇವರನ್ನು ಪೂಜಿಸುವವನು ಎಂಬ ಅರ್ಥ ಅಂಟಿಕೊಂಡಿತು ಎಂದು ಹಲವರು ವಿವರಿಸುತ್ತಾರೆ. ನಮ್ಮ ‘ಗ್ರಾಮದೇವತೆ’ ಎಂಬ ಶಬ್ದವನ್ನು ನೆನೆಸಿಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ.

ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಐಸ್‌ಲ್ಯಾಂಡ್ ದೇಶಗಳ ಹಿಂದಿನವರು ನಾರ್ಸ್ ಜನ. ಐರ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮುಂತಾದ ಕಡೆ ಕೆಲ್ಟಿಕ್ ಭಾಷೆಗಳು ಇಂದಿಗೂ ಉಳಿದಿವೆ. ಈ ಎರಡೂ ಜನಸಮುದಾಯಗಳಿಗೆ ಮರ, ಬುಗ್ಗೆ, ಬಂಡೆಗಳು ಪವಿತ್ರವಾಗಿದ್ದವು. ಕೆಲ್ಟರು ತಮ್ಮ ಪವಿತ್ರ ಬನವನ್ನು ‘ನೆಮೆಟಾನ್’ ಎಂದು ಕರೆಯುತ್ತಿದ್ದರು. ಚಳಿಗಾಲದ ಹೊಸ್ತಿಲಲ್ಲಿ ಬರುವ ‘ಸಾವಿನ್’ ಹಬ್ಬದಂದು ದನಗಳನ್ನು ಬೇಸಿಗೆಯ ಹುಲ್ಲುಗಾವಲಿನಿಂದ ಮನೆಗೆ ತರುತ್ತಿದ್ದರು. ಬೇಸಿಗೆಯ ಮೊದಲಿಗೆ ಬರುವ ‘ಬೆಲ್ಟೇನ್’ ಹಬ್ಬದಂದು ಎರಡು ಬೆಂಕಿಗಳ ನಡುವೆ ದನಗಳನ್ನು ಹಾಯಿಸುತ್ತಿದ್ದರು. ಮೈಸೂರು ಕಡೆಯ ಓದುಗರಿಗೆ ಇಲ್ಲಿ ಸಂಕ್ರಾಂತಿಯ ಕಿಚ್ಚು ಹಾಯಿಸುವುದು ನೆನಪಾದರೆ ಆಶ್ಚರ್ಯವಿಲ್ಲ. ದನ ಕಟ್ಟಿಕೊಂಡು ಬದುಕುವ ಜನರ ಭಯ, ಭರವಸೆಗಳು ದೂರದೂರದ ನಾಡುಗಳಲ್ಲಿಯೂ ಒಂದೇ ಬಗೆಯ ಆಚರಣೆಗೆ ದಾರಿ ಮಾಡಬಹುದು. ಹೋಲಿಕೆ ಕಂಡಕೂಡಲೇ ಅವರಿಂದ ನಾವು ಕಲಿತೆವು, ನಮ್ಮಿಂದ ಅವರು ಕಲಿತರು ಎಂದು ತೀರ್ಮಾನಿಸಬಾರದು.

ಬನ ಹೋದ ಬಗೆ

ಕ್ರಿ.ಶ. 60ರ ಸುಮಾರಿಗೆ ರೋಮನ್ ಸೈನ್ಯ ಬ್ರಿಟನ್ನಿನ ಮೋನಾ ದ್ವೀಪಕ್ಕೆ ನುಗ್ಗಿ ಅಲ್ಲಿನ ಪವಿತ್ರ ಬನಗಳನ್ನು ಕಡಿದುಹಾಕಿತೆಂದು ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಕ್ರಿ.ಶ. 723ರ ಸುಮಾರಿಗೆ ಜರ್ಮನಿಯಲ್ಲಿ ಬೋನಿಫೇಸ್ ಎಂಬ ಧರ್ಮಪ್ರಚಾರಕ ಗುಡುಗಿನ ದೇವರಿಗೆ ಮೀಸಲಾದ ದೊಡ್ಡ ಓಕ್ ಮರವನ್ನು ಕಡಿದು, ಅದರ ಮರದಿಂದ ಪ್ರಾರ್ಥನಾಮಂದಿರ ಕಟ್ಟಿಸಿದನೆಂದು ಅವನ ಚರಿತ್ರೆ ಹೇಳುತ್ತದೆ. ಐಸ್‌ಲ್ಯಾಂಡಿನ ಜನ ಕ್ರಿ.ಶ. 1000ದ ಹೊತ್ತಿಗೆ ತಮ್ಮ ಮಹಾಸಭೆಯಲ್ಲಿ ಕುಳಿತು ಚರ್ಚಿಸಿ ಕ್ರೈಸ್ತಮತವನ್ನು ಒಪ್ಪಿಕೊಂಡರು.

ಮುಂದೆ ಎರಡು ಬಗೆಯ ಫಲ ಕಂಡಿತು. ಕೆಲ್ಟರ ಪುರೋಹಿತರಾದ ಡ್ರೂಯಿಡರು ತಮ್ಮ ವಿದ್ಯೆಯನ್ನು ಬರಹಕ್ಕೆ ಇಳಿಸುವುದು ಸಲ್ಲದೆಂದು ನಂಬಿದ್ದರು. ಅವರೊಡನೆ ಅವರ ವಿದ್ಯೆಯೂ ಹೋಯಿತು. ಐಸ್‌ಲ್ಯಾಂಡಿನಲ್ಲಿ ಮಾತ್ರ 1220ರ ಸುಮಾರಿಗೆ ಸ್ನೋರಿ ಸ್ಟುರ್ಲುಸನ್ ಎಂಬ ವಿದ್ವಾಂಸ ಹಳೆಯ ದೇವರ ಕಥೆಗಳನ್ನು ಬರೆದಿಟ್ಟ. ಆತ ಕ್ರೈಸ್ತನೇ ಆಗಿದ್ದ. ಇಂದು ನಾವು ಥಾರ್, ಓಡಿನ್ ಬಗ್ಗೆ ತಿಳಿದಿರುವುದರಲ್ಲಿ ಬಹುಪಾಲು ಅವನಿಂದ ಬಂದದ್ದು. ಆದರೆ ಬರೆದಿಟ್ಟದ್ದರಿಂದ ಕಥೆ ಉಳಿಯಿತೇ ಹೊರತು, ಆ ದೇವರಿಗಾಗಿ ಒಂದು ಮರವನ್ನು ಕಡಿಯದೆ ಬಿಡುವ ರೂಢಿ ಉಳಿಯಲಿಲ್ಲ.

ಸೂಪಾ ಸೀಮೆಯಲ್ಲಿ

ಈಗ ನಮ್ಮ ಜಿಲ್ಲೆಗೆ ಬನ್ನಿ. ಜೋಯಿಡಾ, ಹಳಿಯಾಳ, ದಾಂಡೇಲಿ, ಮುಂಡಗೋಡ ತಾಲ್ಲೂಕುಗಳಲ್ಲಿ ಊರ ದೇವರಿಗೆಂದು ಬಿಟ್ಟ ಕಾಡನ್ನು ಕನ್ನಡದವರು ದೇವರಕಾಡು ಅಥವಾ ಬನ ಎನ್ನುತ್ತಾರೆ, ಮರಾಠಿಯವರು ದೇವರಾಯಿ ಎನ್ನುತ್ತಾರೆ. ಒಂದು ಕಲ್ಲು, ಒಂದು ಹುತ್ತ, ಒಂದು ಹಳೆಯ ಮರ ಇದ್ದರೂ ಸಾಕು, ಅದೇ ದೇವರ ನೆಲೆ. ಅಲ್ಲಿ ಕೊಡಲಿ ಹಾಕಬಾರದು. ಉತ್ತರ ಕನ್ನಡದ ಮಲೆನಾಡಿನಲ್ಲಿ ಚೌಡಿ, ಜಟಕ, ಭೂತಪ್ಪ, ಹುಲಿಯಪ್ಪ ಮೊದಲಾದ ಹೆಸರುಗಳು ಮನೆಮಾತು. ದೀಪಾವಳಿಯಲ್ಲಿ ಗೋಪೂಜೆಯ ನಂತರ ಹುಲಿದೇವರಿಗೆ ಕಾಯಿ ಒಡೆಯುವ ಊರುಗಳಿವೆ. ದನ ಮೇಯುವ ಕಾಡಿನಲ್ಲಿಯೇ ಹುಲಿಯೂ ಇರುವುದರಿಂದ ಈ ಪೂಜೆಗೆ ಅರ್ಥವಿದೆ.

ಇದು ಇಂದು ನಿನ್ನೆಯ ಮಾತಲ್ಲ. 1801ರಲ್ಲಿ ಈ ಜಿಲ್ಲೆಯ ಮೂಲಕ ಹಾದುಹೋದ ಫ್ರಾನ್ಸಿಸ್ ಬುಕಾನನ್, ಇಲ್ಲಿನ ಕಾಡು ಊರ ದೇವರ ಸೊತ್ತು, ಪೂಜಾರಿಯ ಅಪ್ಪಣೆಯಿಲ್ಲದೆ ಮರ ಕಡಿಯುವಂತಿಲ್ಲ ಎಂದು ದಾಖಲಿಸಿದ. ಸರ್ಕಾರ ಕಾಡಿನ ಮೇಲೆ ಹಕ್ಕು ಸಾಧಿಸದಂತೆ ಜನ ಹೂಡಿದ ಉಪಾಯವಿದು ಎಂದು ಆತನಿಗೆ ಗುಮಾನಿಯೂ ಇತ್ತು. ಉಪಾಯವೋ ಭಕ್ತಿಯೋ, ಮರ ಉಳಿದದ್ದಂತೂ ನಿಜ. ಮುಂದೆ ಮಾಧವ ಗಾಡ್ಗೀಳ್, ಎಂ.ಡಿ. ಸುಭಾಷ್‌ಚಂದ್ರನ್ ಮುಂತಾದ ಪರಿಸರ ವಿಜ್ಞಾನಿಗಳು ಉತ್ತರ ಕನ್ನಡದ ಕಾನುಗಳನ್ನೂ ದೇವರಕಾಡುಗಳನ್ನೂ ಅಧ್ಯಯನ ಮಾಡಿ, ಸುತ್ತಲೂ ಅಳಿದುಹೋದ ಮರಜಾತಿಗಳು ಅಲ್ಲಿ ಉಳಿದಿರುವುದನ್ನು ತೋರಿಸಿಕೊಟ್ಟರು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಗೇರಿನ ಕುಟುಂಬಕ್ಕೆ ಸೇರಿದ, ವಿಜ್ಞಾನಕ್ಕೆ ಹೊಸದಾದ ಒಂದು ಮರವನ್ನು ಸಸ್ಯವಿಜ್ಞಾನಿಗಳು ಗುರುತಿಸಿ 2000ದಲ್ಲಿ ಪ್ರಕಟಿಸಿದರು. ಅದರ ಶಾಸ್ತ್ರೀಯ ಹೆಸರಿನಲ್ಲಿ ಕತ್ತಲೆಕಾನಿನ ಹೆಸರೇ ಸೇರಿದೆ.

ಸೂಪಾ ಸೀಮೆಯ ವಿಶೇಷವೆಂದರೆ ಇಲ್ಲಿ ಹಲವು ಜನ, ಹಲವು ಪರಂಪರೆ. ಗೆಡ್ಡೆಗೆಣಸು ಬೆಳೆಯುವುದರಲ್ಲಿ ಹೆಸರಾದ ಜೋಯಿಡಾದ ಕುಣಬಿಗಳಿದ್ದಾರೆ. ಎಮ್ಮೆ ಸಾಕುವ ಗೌಳಿಗಳು ದಸರೆಯಲ್ಲಿ ಶಿಲಂಗಣ ಆಚರಿಸುತ್ತಾರೆ. ಆಫ್ರಿಕಾ ಮೂಲದ ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. ಆದರೂ ‘ಹಿರಿಯರು’ ಎಂದು ಗತಿಸಿದವರನ್ನು ನೆನೆಯುವ ರೂಢಿ ಈ ಗೆರೆಗಳನ್ನು ದಾಟಿ ನಿಂತಿದೆ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ದೊರೆಯಿತು. ದಾಂಡೇಲಿ ಕಾಡಿನ ಕವಳಾ ಗುಹೆಯಲ್ಲಿ ಸುಣ್ಣದ ನೀರು ತೊಟ್ಟಿಕ್ಕಿ ಬೆಳೆದ ಕಲ್ಲೇ ಶಿವಲಿಂಗ. ಶಿವರಾತ್ರಿಗೆ ಜನ ಅಲ್ಲಿಗೆ ನಡೆದು ಹೋಗುತ್ತಾರೆ. ಹೊಸ ಧರ್ಮ ಬಂದಾಗ ಹಳೆಯದು ಪೂರ್ತಿ ಅಳಿಯದೆ ಅದರ ಪಕ್ಕದಲ್ಲಿಯೇ ಜಾಗ ಮಾಡಿಕೊಳ್ಳುವುದನ್ನು ಇಲ್ಲಿ ಕಣ್ಣಾರೆ ನೋಡಬಹುದು.

ಹೊರಲಾಗದ ದೇವರು

ಕಾಳಿ ಮತ್ತು ಪಾಂಡ್ರಿ ನದಿಗಳು ಕೂಡುವಲ್ಲಿ ಸೂಪಾ ಎಂಬ ಪೇಟೆ ಇತ್ತು. ಅಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು ಎದ್ದಿತು. 1987ರ ಹೊತ್ತಿಗೆ ಕೆಲಸ ಮುಗಿಯಿತು. ಪೇಟೆಯೂ ಸುತ್ತಲಿನ ಹಳ್ಳಿಗಳೂ ನೀರಿನಡಿ ಸೇರಿದವು. ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಹೋಯಿತು. ಮುಳುಗಡೆಯವರಲ್ಲಿ ಅನೇಕರು ರಾಮನಗರದಲ್ಲಿ ನೆಲೆಸಿದರು. ನಾಡಿಗೆ ಬೆಳಕು ಬಂತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಯೋಚಿಸಿ: ಮನೆಬಿಟ್ಟು ಹೊರಟವರು ದೇವರ ಮೂರ್ತಿಯನ್ನು ಹೊತ್ತೊಯ್ಯಬಹುದು, ಬನವನ್ನು ಹೊರಲಾಗದು. ಬನವೇ ದೇವರಾಗಿದ್ದ ಊರಿಗೆ ಹೊಸ ಜಾಗದಲ್ಲಿ ದೇವರನ್ನು ಎಲ್ಲಿಂದ ತರುವುದು?

ಈ ಪ್ರಶ್ನೆ ಮುಗಿದಿಲ್ಲ. 2007ರಲ್ಲಿ ಘೋಷಿತವಾದ ದಾಂಡೇಲಿ–ಅಣಶಿ ಹುಲಿ ಸಂರಕ್ಷಿತ ಪ್ರದೇಶಕ್ಕೆ 2015ರಲ್ಲಿ ಕಾಳಿ ಎಂಬ ಹೆಸರು ಬಂತು. ಪರಿಹಾರ ಪಡೆದು ಅಲ್ಲಿಂದ ಹೊರಬರುವ ಕುಟುಂಬಗಳ ಮುಂದೆಯೂ ಇದೇ ಪ್ರಶ್ನೆ ಇದೆ. ಊರಲ್ಲಿಯೇ ಉಳಿದವರಿಗೂ ಬೇರೊಂದು ಅಪಾಯವಿದೆ. ಬನದ ನಡುವಿನ ಕಲ್ಲಿಗೆ ಸಿಮೆಂಟಿನ ಗುಡಿ ಕಟ್ಟುತ್ತಾರೆ, ಗುಡಿಗೆ ಅಂಗಳ ಬೇಕೆಂದು ಮರ ಕಡಿಯುತ್ತಾರೆ. ದೇವರಿಗೆ ಮನೆ ಸಿಕ್ಕಿತು ಎನ್ನುವಷ್ಟರಲ್ಲಿ ದೇವರ ಕಾಡು ಹೋಗಿರುತ್ತದೆ.

ಮತ್ತೆ ಹುಡುಕುವವರು

ಕಳೆದುಕೊಂಡ ಮೇಲೆ ಹುಡುಕುವುದು ಎಷ್ಟು ಕಷ್ಟವೆಂದು ಯುರೋಪು ತೋರಿಸುತ್ತದೆ. ಐಸ್‌ಲ್ಯಾಂಡಿನಲ್ಲಿ 1972ರಲ್ಲಿ ಕವಿಯೂ ರೈತನೂ ಆದ ಸ್ವೇನ್‌ಬ್ಯೋರ್ನ್ ಬೇಯ್ನ್‌ಟೇನ್ಸನ್ ಮುಂತಾದವರು ಹಳೆಯ ದೇವರ ಸಂಘವೊಂದನ್ನು ಕಟ್ಟಿದರು. ಮರುವರ್ಷ ಸರ್ಕಾರದ ಮಾನ್ಯತೆ ದೊರೆಯಿತು. ಇಂದು ಸುಮಾರು ನಾಲ್ಕು ಲಕ್ಷ ಜನಸಂಖ್ಯೆಯ ಆ ದೇಶದಲ್ಲಿ ಅದಕ್ಕೆ ಐದು ಸಾವಿರಕ್ಕೂ ಹೆಚ್ಚು ಸದಸ್ಯರಿದ್ದಾರೆ. ಅವರು ಆಚರಣೆಗಳನ್ನು ಪುಸ್ತಕ ಓದಿ ಮತ್ತೆ ಕಟ್ಟಿಕೊಳ್ಳಬೇಕಾಯಿತು. ಐರ್ಲೆಂಡಿನಲ್ಲಿ 1999ರಲ್ಲಿ ಕ್ಲೇರ್ ಪ್ರಾಂತದ ಹೆದ್ದಾರಿಗೆ ಅಡ್ಡವಾಗಿದ್ದ ಒಂದು ಮುಳ್ಳಿನ ಮರ ಯಕ್ಷಿಣಿಯರ ನೆಲೆ, ಕಡಿಯಬೇಡಿ ಎಂದು ಜನಪದ ಕಥೆಗಾರ ಎಡ್ಡಿ ಲೆನಿಹನ್ ವಾದಿಸಿದರು. ರಸ್ತೆಯ ಯೋಜನೆಯನ್ನು ಬದಲಿಸಿ ಮರವನ್ನು ಉಳಿಸಲಾಯಿತು. ಬ್ರಿಜಿಡ್ ಎಂಬಾಕೆ ಅಲ್ಲಿ ಹಳೆಯ ದೇವಿಯೂ ಹೌದು, ಕ್ರೈಸ್ತ ಸಂತಳೂ ಹೌದು; 2023ರಿಂದ ಆಕೆಯ ಹಬ್ಬಕ್ಕೆ ಸಾರ್ವಜನಿಕ ರಜೆ ಇದೆ. ಸಾವಿನ್ ಹಬ್ಬವೋ ಹ್ಯಾಲೊವೀನ್ ಆಗಿ, ಅಮೆರಿಕಕ್ಕೆ ಹೋಗಿ, ಈಗ ಬೆಂಗಳೂರಿನ ಅಂಗಡಿಗಳಿಗೂ ಮುಖವಾಡ ಮಾರಲು ಬಂದಿದೆ.

ಎರಡು ಎಚ್ಚರಿಕೆಗಳನ್ನು ಮರೆಯಬಾರದು. ಜರ್ಮನಿಯ ನಾಜಿಗಳು ನಾರ್ಸ್ ಸಂಕೇತಗಳನ್ನು ಜನಾಂಗದ್ವೇಷಕ್ಕೆ ಬಳಸಿಕೊಂಡರು. ಪರಂಪರೆಯ ಪ್ರೀತಿ ‘ನಾವೇ ಶ್ರೇಷ್ಠ’ ಎಂಬ ಮದವಾಗಲು ತಡವಾಗುವುದಿಲ್ಲ. ಇನ್ನೊಂದು, ಹಳೆಯದೆಲ್ಲವೂ ಒಳ್ಳೆಯದಲ್ಲ. ಪ್ರಾಣಿಬಲಿಯನ್ನು ತಡೆಯಲು ಕರ್ನಾಟಕದಲ್ಲಿ 1959ರ ಕಾಯಿದೆ ಇದೆ. ಭಯ ಹುಟ್ಟಿಸಿ ಹಣ ಕೀಳುವುದು, ಜಾತಿಯ ಹೆಸರಿನಲ್ಲಿ ದೂರವಿಡುವುದು ದೇವರ ಹೆಸರಿನಲ್ಲಿ ನಡೆದರೂ ತಪ್ಪೇ. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ಆರಿಸುವ ಹಕ್ಕು, ಹೊಣೆ ಎರಡೂ ನಿಮ್ಮ ಪೀಳಿಗೆಗೆ ಇವೆ.

ನೀವು ಮಾಡಬಹುದಾದದ್ದು

ಡ್ರೂಯಿಡರ ವಿದ್ಯೆಯಂತೆಯೇ ನಮ್ಮಲ್ಲಿಯೂ ಬಹಳಷ್ಟು ನಾಲಗೆಯ ಮೇಲೆಯೇ ಇದೆ. ಅಂಕೋಲೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ನೂರಾರು ಹಾಡುಗಳನ್ನು ನೆನಪಿನಲ್ಲಿಟ್ಟಿದ್ದ ಅವರು 2025ರಲ್ಲಿ ತೀರಿಕೊಂಡರು. ಅವರಂಥವರು ನಿಮ್ಮ ಊರಿನಲ್ಲಿಯೂ ಇದ್ದಾರೆ, ಅವರಿಗೆ ಪ್ರಶಸ್ತಿ ಬಂದಿಲ್ಲ ಅಷ್ಟೆ. ಅಜ್ಜ ಅಜ್ಜಿಯರನ್ನು ಕೇಳಿ: ನಮ್ಮ ಬನ ಎಲ್ಲಿಂದ ಎಲ್ಲಿಯವರೆಗೆ? ಅಲ್ಲಿ ಯಾವ ಯಾವ ಮರಗಳಿವೆ? ಯಾವ ದಿನ ಯಾರು ಪೂಜೆ ಮಾಡುತ್ತಾರೆ? ಏನನ್ನು ಮುಟ್ಟಬಾರದು, ಯಾಕೆ? ಕೊಂಕಣಿಯಲ್ಲೋ ಮರಾಠಿಯಲ್ಲೋ ಹೇಳಿದರೆ ಅದೇ ಮಾತಿನಲ್ಲಿ ಬರೆದುಕೊಳ್ಳಿ. ಹೇಳಬಾರದ ಸಂಗತಿ ಎಂದರೆ ಒತ್ತಾಯಿಸಬೇಡಿ.

ಇದು ಬರಿಯ ನೆನಪಿನ ಸಂಗ್ರಹವಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯಡಿ 2008ರ ಜನವರಿಯಲ್ಲಿ ಪ್ರಕಟವಾದ ನಿಯಮಗಳು, ಊರವರ ಸಾಮೂಹಿಕ ಹಕ್ಕಿಗೆ ಪುರಾವೆಯಾಗಿ ಪವಿತ್ರ ಮರ, ಬನ, ಕೆರೆ, ಹೂಳುವ ನೆಲಗಳನ್ನೂ ಲೆಕ್ಕಕ್ಕೆ ಹಿಡಿಯುತ್ತವೆ. ಅಂದರೆ ಅಜ್ಜಿ ಕೈಮುಗಿಯುವ ಮರ ಗ್ರಾಮಸಭೆಯಲ್ಲಿ ಸಾಕ್ಷಿಯಾಗಬಲ್ಲದು. ಸ್ನೋರಿ ಬರೆದಾಗ ಅವನ ನಾಡು ಹಳೆಯ ದೇವರನ್ನು ಬಿಟ್ಟು ಇನ್ನೂರು ವರ್ಷಗಳ ಮೇಲಾಗಿತ್ತು. ನಿಮ್ಮ ಭಾಗ್ಯವೆಂದರೆ, ನೀವು ಬರೆಯುವಾಗ ಮರ ಇನ್ನೂ ನಿಂತಿದೆ, ಹೇಳುವವರೂ ಇದ್ದಾರೆ. ಬರೆಯಿರಿ, ಮರವನ್ನೂ ಕಾಯಿರಿ. ಎರಡರಲ್ಲಿ ಒಂದನ್ನೇ ಮಾಡಿದರೆ ಏನಾಗುತ್ತದೆಂದು ಕ್ಯಾಲೆಂಡರಿನ ಆ ನಾಲ್ಕು ಹೆಸರುಗಳು ಹೇಳುತ್ತಿವೆ.