ಸ್ಕ್ಯಾಪುಲಾ ಸ್ಥಿರೀಕರಣ ಶಸ್ತ್ರಚಿಕಿತ್ಸೆ

ಸ್ಕ್ಯಾಪುಲಾ ಸ್ಥಿರೀಕರಣವು ಬೆನ್ನಿನ ಮೇಲ್ಭಾಗದಲ್ಲಿರುವ ಚಪ್ಪಟೆಯಾದ ಹೆಗಲ ಮೂಳೆಯನ್ನು (ಸ್ಕ್ಯಾಪುಲಾ) ಪಕ್ಕೆಲುಬುಗಳಿಗೆ ಬಿಗಿಯುವ ಶಸ್ತ್ರಚಿಕಿತ್ಸೆಯಾಗಿದೆ. ಸ್ನಾಯುಕ್ಷಯದಿಂದ (ಮಸ್ಕ್ಯುಲರ್ ಡಿಸ್ಟ್ರೋಫಿ) ತೋಳನ್ನು ಮೇಲೆತ್ತಲಾಗದವರಲ್ಲಿ ಭುಜದ ಚಲನೆಯನ್ನು ಸುಧಾರಿಸುವುದು ಇದರ ಉದ್ದೇಶ. ಫೇಸಿಯೋಸ್ಕ್ಯಾಪುಲೋಹ್ಯೂಮರಲ್ ಮಸ್ಕ್ಯುಲರ್ ಡಿಸ್ಟ್ರೋಫಿ ಎಂಬ ಆನುವಂಶಿಕ ಕಾಯಿಲೆಯಲ್ಲಿ ಇದು ಹೆಚ್ಚಾಗಿ ಬಳಕೆಯಲ್ಲಿದೆ. ಶಸ್ತ್ರಚಿಕಿತ್ಸೆಯು ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಅದರ ಮುನ್ನಡೆಯನ್ನೂ ತಡೆಯುವುದಿಲ್ಲ.

ಹಿನ್ನೆಲೆ

ಫ್ರಾನ್ಸಿನ ವೈದ್ಯರಾದ ಲೂಯಿ ಲಾಂಡೂಜಿ ಮತ್ತು ಜೂಲ್ ಡೆಜೆರಿನ್ 1880ರ ದಶಕದಲ್ಲಿ ವಿವರಿಸಿದ ಈ ಕಾಯಿಲೆಯು ಮುಖ, ಭುಜ ಮತ್ತು ಮೇಲ್ದೋಳಿನ ಸ್ನಾಯುಗಳನ್ನು ದುರ್ಬಲಗೊಳಿಸುತ್ತದೆ. ಹೆಗಲ ಮೂಳೆಯನ್ನು ಎದೆಗೂಡಿಗೆ ಒತ್ತಿ ಹಿಡಿಯುವ ಸೆರೇಟಸ್ ಆಂಟೀರಿಯರ್, ಟ್ರಪೀಜಿಯಸ್ ಮೊದಲಾದ ಸ್ನಾಯುಗಳು ಕ್ಷೀಣಿಸಿದಾಗ ಮೂಳೆಯು ರೆಕ್ಕೆಯಂತೆ ಹೊರಚಾಚುತ್ತದೆ. ತೋಳನ್ನು ಎತ್ತುವ ಡೆಲ್ಟಾಯ್ಡ್ ಸ್ನಾಯು ಅನೇಕರಲ್ಲಿ ಬಹುಕಾಲ ಸಬಲವಾಗಿಯೇ ಉಳಿದಿರುತ್ತದೆ. ಆದರೆ ಅದಕ್ಕೆ ಭದ್ರವಾದ ಆಧಾರವಿಲ್ಲದ ಕಾರಣ, ಅದರ ಬಲವು ತೋಳನ್ನು ಎತ್ತುವ ಬದಲು ಹೆಗಲ ಮೂಳೆಯನ್ನೇ ತಿರುಗಿಸುವುದರಲ್ಲಿ ವ್ಯಯವಾಗುತ್ತದೆ. ತಲೆ ಬಾಚುವುದು, ಎತ್ತರದಲ್ಲಿರುವ ವಸ್ತುವನ್ನು ತೆಗೆಯುವುದು ಮುಂತಾದ ಕೆಲಸಗಳು ಕಷ್ಟವಾಗುತ್ತವೆ.

ರೋಗಿಗಳ ಆಯ್ಕೆ

ಪರೀಕ್ಷಕರು ಹೆಗಲ ಮೂಳೆಯನ್ನು ಕೈಯಿಂದ ಎದೆಗೂಡಿಗೆ ಒತ್ತಿ ಹಿಡಿದು, ತೋಳನ್ನು ಎತ್ತುವಂತೆ ರೋಗಿಗೆ ಸೂಚಿಸುತ್ತಾರೆ. ಆಗ ತೋಳು ಹೆಚ್ಚು ಮೇಲಕ್ಕೇರಿದರೆ ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವನ್ನು ನಿರೀಕ್ಷಿಸಬಹುದು. ಡೆಲ್ಟಾಯ್ಡ್ ಸ್ನಾಯುವೂ ತೀರ ದುರ್ಬಲವಾಗಿದ್ದರೆ ಪ್ರಯೋಜನ ಅಲ್ಪ. ಉಸಿರಾಟದ ಸಾಮರ್ಥ್ಯವನ್ನೂ ಮೊದಲೇ ಪರಿಶೀಲಿಸಲಾಗುತ್ತದೆ.

ವಿಧಾನಗಳು

ಇದರಲ್ಲಿ ಎರಡು ಮುಖ್ಯ ಬಗೆಗಳಿವೆ. ಸ್ಕ್ಯಾಪುಲೋಪೆಕ್ಸಿಯಲ್ಲಿ ಮೂಳೆಯನ್ನು ತಂತಿ ಅಥವಾ ಇತರ ಬಂಧಕಗಳಿಂದ ಪಕ್ಕೆಲುಬುಗಳಿಗೆ ಕಟ್ಟಲಾಗುತ್ತದೆ, ಮೂಳೆಗಳು ಬೆಸೆದುಕೊಳ್ಳುವುದಿಲ್ಲ. ಸ್ಕ್ಯಾಪುಲೋಥೊರಾಸಿಕ್ ಆರ್ತ್ರೋಡೆಸಿಸ್‌ನಲ್ಲಿ ತಂತಿ ಹಾಗೂ ಲೋಹದ ಪಟ್ಟಿಗಳ ಜೊತೆಗೆ, ಸಾಮಾನ್ಯವಾಗಿ ಸೊಂಟದ ಮೂಳೆಯಿಂದ ತೆಗೆದ ಕಸಿಯನ್ನು ಇರಿಸಿ, ಹೆಗಲ ಮೂಳೆ ಮತ್ತು ಪಕ್ಕೆಲುಬುಗಳು ಶಾಶ್ವತವಾಗಿ ಒಂದಾಗುವಂತೆ ಮಾಡಲಾಗುತ್ತದೆ. ಬಳಿಕ ಕೆಲವು ವಾರಗಳ ಕಾಲ ತೋಳನ್ನು ಅಲುಗಾಡದಂತೆ ಇರಿಸಿ, ಹಂತಹಂತವಾಗಿ ಭೌತಚಿಕಿತ್ಸೆ ನೀಡಲಾಗುತ್ತದೆ.

ಪರಿಣಾಮ ಮತ್ತು ಅಪಾಯಗಳು

ಸೂಕ್ತ ರೋಗಿಗಳಲ್ಲಿ ತೋಳು ಮೇಲೇರುವ ಮಟ್ಟ ಹೆಚ್ಚುತ್ತದೆ, ಭುಜದ ನೋವು ಮತ್ತು ಆಯಾಸ ಕಡಿಮೆಯಾಗುತ್ತವೆ. ಎದೆಗೂಡಿನೊಳಗೆ ಗಾಳಿ ಅಥವಾ ದ್ರವ ಸೇರುವುದು, ಪಕ್ಕೆಲುಬಿನ ಮುರಿತ, ತೋಳಿನ ನರಗಳಿಗೆ ಹಾನಿ, ಮೂಳೆಗಳು ಬೆಸೆಯದಿರುವುದು ಇದರ ಪ್ರಮುಖ ತೊಡಕುಗಳು. ಬೆಸೆದ ಹೆಗಲ ಮೂಳೆಯು ತನ್ನ ಸಹಜ ಚಲನೆಯನ್ನು ಕಳೆದುಕೊಳ್ಳುತ್ತದೆ. ಮುಂದೆ ಡೆಲ್ಟಾಯ್ಡ್ ಸ್ನಾಯುವೂ ಕ್ಷೀಣಿಸಿದರೆ ದೊರೆತ ಲಾಭ ಕುಗ್ಗಬಹುದು. 2010ರ ಕಾಕ್ರೇನ್ ಪರಾಮರ್ಶೆಗೆ ಈ ಚಿಕಿತ್ಸೆಯ ಕುರಿತು ಯಾದೃಚ್ಛಿಕ ನಿಯಂತ್ರಿತ ಪ್ರಯೋಗಗಳು ದೊರೆಯಲಿಲ್ಲ. ಆದ್ದರಿಂದ ಲಾಭ ಮತ್ತು ಅಪಾಯಗಳನ್ನು ಪ್ರತಿಯೊಬ್ಬ ರೋಗಿಯ ವಿಷಯದಲ್ಲೂ ಪ್ರತ್ಯೇಕವಾಗಿ ತೂಗಿ ನೋಡಬೇಕಾಗುತ್ತದೆ.